ಸಂಜೆ ಆರರ ಧಾರಣೆ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಶಿವಮೊಗ್ಗ ಮಾರುಕಟ್ಟೆಗಳ ಅಡಿಕೆ ಧಾರಣೆಯನ್ನು ಪ್ರತಿದಿನ ಸಂಜೆ ಒಂದೇ ಪುಟದಲ್ಲಿ ತೋರಿಸುವ ಸಣ್ಣ ಜಾಲತಾಣವೊಂದನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಊರಿನ ಬೆಳೆಗಾರರ ಬಳಗಕ್ಕಾಗಿ ಮಾಡಿದ್ದು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಹೀಗೆ ಒಂದೊಂದಕ್ಕೂ ಕ್ವಿಂಟಲ್ ಲೆಕ್ಕದಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ದರ. ಅಲಂಕಾರವಿಲ್ಲದ ಪುಟ. ಆದರೆ ನಾಳೆ ಗಾಡಿಗೆ ಮೂಟೆ ಹೇರಬೇಕೋ, ಇನ್ನೊಂದು ವಾರ ಕಾಯಬೇಕೋ ಎಂದು ಯೋಚಿಸುವವರು ಅದನ್ನು ತೆರೆದು ನೋಡುತ್ತಾರೆ. ಔಷಧಿ ಹೊಡೆದು, ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಇಡೀ ವರ್ಷದ ದುಡಿಮೆಯ ಬೆಲೆ ಅದು. ಅಲ್ಲಿರುವ ಸಂಖ್ಯೆ ಇವತ್ತಿನದೇ ಆಗಿರಬೇಕು.

ಪುಟವನ್ನು ಯಾರೂ ಕೂತು ತುಂಬುವುದಿಲ್ಲ. ಸರ್ವರ್‌ನಲ್ಲಿರುವ ಪಿಎಚ್‌ಪಿ ಸ್ಕ್ರಿಪ್ಟ್ ಒಂದು ದರಪಟ್ಟಿಯನ್ನು ತಂದು, ಡೇಟಾಬೇಸ್‌ಗೆ ಸೇರಿಸಿ, ಪುಟವನ್ನು ಹೊಸದು ಮಾಡುತ್ತದೆ. ಅದನ್ನು ದಿನಾ ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ಕ್ರಾನ್. ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ, ಅಂದರೆ 1979ರಲ್ಲೇ ಇದು ಇತ್ತು. ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್‌ನ ಸಂತತಿಯೇ ಡೆಬಿಯನ್, ಉಬುಂಟು ಸರ್ವರ್‌ಗಳಲ್ಲಿ ಈಗಲೂ ದುಡಿಯುತ್ತಿದೆ. ಐದು ಅಂಕಣ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲೆ ಓಡಿಸಬೇಕಾದ ಆದೇಶ. ದಿನಾ ಸಂಜೆ ಆರಕ್ಕೆ ಎಂದರೆ 0 18 * * *. ಇಷ್ಟನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಆ ಒಂದು ಸಾಲನ್ನು ವರ್ಷಗಟ್ಟಲೆ ನಂಬುವಂತೆ ಮಾಡುವುದು ಮಾತ್ರ ಬೇರೆಯೇ ಕೆಲಸ. ನಾನು ಕಲಿತದ್ದೆಲ್ಲ ಅಲ್ಲಿಯದು.

ಮೊದಲು ಗಡಿಯಾರ. ಬಾಡಿಗೆಗೆ ಸಿಗುವ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. 0 18 ಎಂದು ಬರೆದರೆ ಸ್ಕ್ರಿಪ್ಟ್ ಏಳುವುದು ನಮ್ಮ ರಾತ್ರಿ ಹನ್ನೊಂದೂವರೆಗೆ. ಸಂಜೆ ಆರಕ್ಕೆ ಬೇಕಾದರೆ 30 12 ಎಂದಿರಬೇಕು. ಸಂಜೆಯ ಕೆಲಸಕ್ಕೆ ಈ ಲೆಕ್ಕ ಸಾಕು. ಬೆಳಗಿನ ಜಾವದ ಕೆಲಸಕ್ಕೆ ಸಾಲದು. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ ಐದಕ್ಕೆ ಹಿಂದಿನ ಮಾರುಕಟ್ಟೆಯ ದರವನ್ನು ಮೊಬೈಲ್‌ಗೆ ಕಳಿಸುವ ಇನ್ನೊಂದು ಸ್ಕ್ರಿಪ್ಟ್ ನಮ್ಮಲ್ಲಿದೆ. ನಮ್ಮ ಬೆಳಗ್ಗೆ ಐದು ಎಂದರೆ ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 11:30. ಗಂಟೆಯ ಜೊತೆ ವಾರವೂ ಬದಲಾಗಬೇಕು. ವಾರದ ಅಂಕಣದಲ್ಲಿ 1-6 ಎಂದು ಬರೆದರೆ ಸಂದೇಶ ಹೋಗುವುದು ಮಂಗಳವಾರದಿಂದ ಭಾನುವಾರದವರೆಗೆ, ಬರೆಯಬೇಕಾದದ್ದು 0-5. ಸ್ಕ್ರಿಪ್ಟ್ ಒಳಗೆ ‘ಇವತ್ತು’ ಎಂದು ಕೇಳಿದರೆ ಸರ್ವರ್ ನಿನ್ನೆಯ ತಾರೀಖು ಕೊಡುತ್ತದೆ. ಬೆಳಗ್ಗೆ ಐದೂವರೆಯ ಒಳಗೆ ನಡೆಯುವ ಎಲ್ಲ ಕೆಲಸಕ್ಕೂ ಈ ತೊಡಕು ಉಂಟು.

ಕೊನೆಗೆ ಸರ್ವರ್‌ನ ಸಮಯವನ್ನೇ ಏಷ್ಯಾ/ಕೋಲ್ಕತ್ತಾಗೆ ಬದಲಾಯಿಸಿ, ಕ್ರಾನ್ ಸೇವೆಯನ್ನು ಮತ್ತೆ ಚಾಲೂ ಮಾಡಿದೆವು. ಮತ್ತೆ ಚಾಲೂ ಮಾಡದಿದ್ದರೆ ಅದು ಹಳೆಯ ಸಮಯವನ್ನೇ ಹಿಡಿದು ಕೂತಿರುತ್ತದೆ. ಓದುಗರೆಲ್ಲ ಒಂದೇ ಕಾಲವಲಯದಲ್ಲಿರುವ ತಾಣಕ್ಕೆ ಇದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಇಂಥ ಕೆಲಸ ಮಾಡುವ ಕನ್ನಡಿಗ ಗೆಳೆಯರಿಗೆ ಇದನ್ನು ಹೇಳುವುದಿಲ್ಲ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ನಸುಕಿನಲ್ಲಿ ಗಡಿಯಾರ ಎರಡರಿಂದ ನೇರ ಮೂರಕ್ಕೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಎರಡು ಸಲ ಬರುತ್ತದೆ. ಅವರಿಗೆ ಯುಟಿಸಿಯೇ ಕ್ಷೇಮ.

ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡಿದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಏಕೆ ನಿಲ್ಲುತ್ತದೆ ಎಂದು ಹೊಸಬರು ಯಾವಾಗಲೂ ಕೇಳುತ್ತಾರೆ. ನಾವು ಲಾಗಿನ್ ಆದಾಗ ನಮ್ಮ ಸುತ್ತ ಹತ್ತಾರು ಸೆಟ್ಟಿಂಗ್‌ಗಳು ತಾವಾಗಿ ಬಂದು ಕೂತಿರುತ್ತವೆ. ಕ್ರಾನ್‌ಗೆ ಅವು ಯಾವುವೂ ಸಿಗುವುದಿಲ್ಲ. ಆದೇಶಗಳನ್ನು ಅದು ಒಂದೆರಡು ಫೋಲ್ಡರ್‌ಗಳಲ್ಲಿ ಮಾತ್ರ ಹುಡುಕುತ್ತದೆ. ಸ್ಕ್ರಿಪ್ಟ್ ಇರುವ ಜಾಗದಿಂದಲ್ಲ, ಬಳಕೆದಾರರ ಹೋಮ್ ಫೋಲ್ಡರ್‌ನಿಂದ ಹೊರಡುತ್ತದೆ. ಆದ್ದರಿಂದ ಪಿಎಚ್‌ಪಿಗೂ, ಸ್ಕ್ರಿಪ್ಟ್‌ಗೂ, ಅದು ತೆರೆಯುವ ಪ್ರತಿ ಕಡತಕ್ಕೂ ಪೂರ್ಣ ವಿಳಾಸವನ್ನೇ ಬರೆಯಬೇಕು. ಇನ್ನು ಶೇಕಡಾ ಚಿಹ್ನೆ. ಕಡತದ ಹೆಸರಿಗೆ ತಾರೀಖು ಸೇರಿಸಲು % ಬಳಸುವುದು ರೂಢಿ. ಕ್ರಾನ್‌ನ ಸಾಲಿನಲ್ಲಿ ಅದಕ್ಕೆ ‘ಇಲ್ಲಿ ಸಾಲು ಮುಗಿಯಿತು’ ಎಂಬ ಅರ್ಥ. ಅದರ ಹಿಂದೆ \ ಹಾಕದಿದ್ದರೆ ಆದೇಶ ಅಲ್ಲೇ ತುಂಡಾಗುತ್ತದೆ. ಇದನ್ನು ತಿಳಿಯದೆ ದಿನಗಟ್ಟಲೆ ತಡಕಾಡಿದವರನ್ನು ಕಂಡಿದ್ದೇನೆ.

ತಾಣ ಶೇರ್ಡ್ ಹೋಸ್ಟಿಂಗ್‌ನಲ್ಲಿದ್ದಾಗ ಸ್ಕ್ರಿಪ್ಟ್ ಜಾಲತಾಣದ ಫೋಲ್ಡರ್‌ನೊಳಗೇ ಇತ್ತು. ಕ್ರಾನ್ ಅದರ ವೆಬ್ ವಿಳಾಸವನ್ನು ಕರ್ಲ್ ಎಂಬ ಸಾಧನದ ಮೂಲಕ ಕರೆಯುತ್ತಿತ್ತು. ವಿಳಾಸ ಗೊತ್ತಿರುವ ಯಾರು ಬೇಕಾದರೂ, ಹುಡುಕುತಾಣಗಳ ಬಾಟ್‌ಗಳು ಕೂಡ, ಅದನ್ನು ಓಡಿಸಬಹುದಾಗಿತ್ತು. ಜಾಲದ ಮೂಲಕ ಕರೆದಾಗ ಪಿಎಚ್‌ಪಿಗೆ ರೂಢಿಯ ಮಿತಿ 30 ಸೆಕೆಂಡ್. ಟರ್ಮಿನಲ್‌ನಿಂದ ನೇರ ಓಡಿಸಿದರೆ ಆ ಮಿತಿ ಇಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಸರ್ವರ್ 500 ಎಂಬ ದೋಷ ಕೊಟ್ಟರೂ, ವಿಶೇಷವಾಗಿ ಹೇಳದ ಹೊರತು ಕರ್ಲ್ ಅದನ್ನು ಯಶಸ್ಸು ಎಂದೇ ವರದಿ ಮಾಡುತ್ತದೆ. ಸ್ಕ್ರಿಪ್ಟನ್ನು ಜಾಲತಾಣದ ಫೋಲ್ಡರ್‌ನಿಂದ ಹೊರಗಿಟ್ಟು ನೇರ ಓಡಿಸತೊಡಗಿದ ಮೇಲೆ ಈ ಮೂರೂ ತೀರಿದವು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇವಾವುದೂ ಅಲ್ಲ, ಮೌನ. ಹಾಲು ಹಾಕುವವರು ಬಾರದ ದಿನ ಪಾತ್ರೆ ಖಾಲಿ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಸ್ಕ್ರಿಪ್ಟ್ ಸೋತ ದಿನ ಪಾತ್ರೆಯಲ್ಲಿ ನಿನ್ನೆಯ ಹಾಲೇ ತುಂಬಿರುತ್ತದೆ. ಒಂದು ಸುಗ್ಗಿಯಲ್ಲಿ ಹೀಗಾಯಿತು. ದರಪಟ್ಟಿ ಬರುವ ಮೂಲದಲ್ಲಿ ಕೋಷ್ಟಕದ ರಚನೆ ಬದಲಾಗಿತ್ತು. ಸ್ಕ್ರಿಪ್ಟ್ ಹೊತ್ತಿಗೆ ಸರಿಯಾಗಿ ಎದ್ದು, ಒಂದು ಸಾಲೂ ಸಿಗದೆ, ಯಾವ ದೋಷವನ್ನೂ ಹೇಳದೆ ಮುಗಿಯುತ್ತಿತ್ತು. ಪುಟದ ತಲೆಯಲ್ಲಿ ಆ ದಿನದ ತಾರೀಖು, ಕೆಳಗೆ ಹಳೆಯ ದರ. ಪರಿಚಯದ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿ, “ತಮ್ಮಾ, ಇದು ಇವತ್ತಿನ ದರ ಅಲ್ಲ, ಸೊಸೈಟಿಯಲ್ಲಿ ಬೇರೆನೇ ಹೇಳ್ತಾರೆ” ಎಂದಾಗಲೇ ಗೊತ್ತಾಗಿದ್ದು. ಅವರು ವಿಚಾರಿಸಿ ನೋಡುವ ಜಾಣರು. ಎಲ್ಲರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ.

ಅಂದಿನಿಂದ ಪುಟದ ತಾರೀಖು ಗಡಿಯಾರದಿಂದ ಬರುವುದಿಲ್ಲ, ದರದ ಜೊತೆಗೇ ಬರುತ್ತದೆ. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದು ಯಾವ ದಿನದ್ದು ಎಂದು ಬರೆದಿರುತ್ತದೆ. ‘ಇವತ್ತು ದರ ಇಲ್ಲ’ ಎಂಬುದಕ್ಕೆ ಎರಡು ಕಾರಣ ಇರಬಹುದು: ಮಾರುಕಟ್ಟೆಗೆ ರಜೆ, ಅಥವಾ ನಮ್ಮ ಸ್ಕ್ರಿಪ್ಟ್ ಸೋತಿದೆ. ಇವೆರಡನ್ನೂ ಖಾಲಿ ಜಾಗ ಬಿಟ್ಟು ತೋರಿಸಿದರೆ ಓದುವವರಿಗೆ ಅನ್ಯಾಯ. ಈಗ ಪುಟ ‘ವಹಿವಾಟು ಇಲ್ಲ’ ಎಂದೋ ‘ದರ ತರಲು ಆಗಿಲ್ಲ’ ಎಂದೋ ಬಿಡಿಸಿ ಹೇಳುತ್ತದೆ.

ದೋಷವಾದರೆ ಇಮೇಲ್ ಬರುತ್ತದಲ್ಲ ಎಂದು ಕೇಳಬಹುದು. ಆದೇಶ ಏನನ್ನಾದರೂ ಹೊರಹಾಕಿದರೆ ಕ್ರಾನ್ ಅದನ್ನು ಇಮೇಲ್ ಮಾಡುತ್ತದೆ ಎಂಬುದು ನಿಜ. ಆ ಇಮೇಲ್‌ನ ಮೇಲೆ ಭಾರ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಲ್ಯಾಬ್‌ನ ಘಟನೆ ಇದೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರಿಂದ ಮುಖ್ಯ ಡೇಟಾಬೇಸ್‌ನ ಕಡತಗಳು ಅಳಿಸಿಹೋದವು. ದಿನಾ ಆಗಬೇಕಿದ್ದ ಬ್ಯಾಕಪ್ ಹುಡುಕಿದರೆ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6ರಲ್ಲಿತ್ತು, ಬ್ಯಾಕಪ್ ತೆಗೆಯುವ ಸಾಧನ 9.2ರದ್ದು, ಹೀಗಾಗಿ ಬ್ಯಾಕಪ್ ಸೋಲುತ್ತಲೇ ಇತ್ತು. ಕ್ರಾನ್ ದೋಷದ ಇಮೇಲ್‌ಗಳನ್ನು ಕಳಿಸಿತ್ತು. ಇಮೇಲ್ ಅಸಲಿಯೇ ಎಂದು ನೋಡುವ ಡಿಮಾರ್ಕ್ ಪರಿಶೀಲನೆಯಲ್ಲಿ ಅವು ತಿರಸ್ಕೃತವಾಗಿ ಯಾರ ಕೈಗೂ ಸೇರಲಿಲ್ಲ. ಸುಮಾರು ಆರು ಗಂಟೆಗಳ ದತ್ತಾಂಶ ಹೋಯಿತು. ಆದದ್ದನ್ನೆಲ್ಲ ಅವರು ಮುಚ್ಚಿಡದೆ ಪ್ರಕಟಿಸಿದರು. ನಮ್ಮಂಥ ಸಣ್ಣ ತಾಣ ನೋಡಿಕೊಳ್ಳುವವರಿಗೂ ಅದರಿಂದ ದೊಡ್ಡ ಉಪಕಾರವಾಗಿದೆ.

ಅದನ್ನು ಓದಿದ ಮೇಲೆ ನಾವು ಕ್ರಮವನ್ನು ತಿರುಗಿಸಿದೆವು. ಸೋತಾಗ ತಿಳಿಸು ಎಂದು ಸ್ಕ್ರಿಪ್ಟ್‌ಗೆ ಹೇಳುವುದಿಲ್ಲ. ಗೆದ್ದಾಗ ತಿಳಿಸು ಎನ್ನುತ್ತೇವೆ. ದರಗಳೆಲ್ಲ ಸೇರಿದ ನಂತರ, ಅದೇ ಕೊನೆಯ ಹೆಜ್ಜೆಯಾಗಿ, ಅದು ಬೇರೆ ಕಡೆ ಇರುವ ಇನ್ನೊಂದು ಯಂತ್ರಕ್ಕೆ ‘ಆಯಿತು’ ಎಂಬ ಸೂಚನೆ ಕಳಿಸುತ್ತದೆ. ರಾತ್ರಿ ಒಂಬತ್ತೂವರೆಯೊಳಗೆ ಆ ಸೂಚನೆ ಬಾರದಿದ್ದರೆ ಆ ಯಂತ್ರ ನನ್ನದೂ ಸೇರಿ ಎರಡು ಫೋನ್‌ಗಳಿಗೆ ಸಂದೇಶ ಹಾಕುತ್ತದೆ. ಸರ್ವರ್ ಪೂರ್ತಿ ಕೆಟ್ಟು ಕೂತರೂ ಈ ಏರ್ಪಾಟು ಮಾತಾಡುತ್ತದೆ. ದಿನಾ ಓಡುವ ಯಾವುದೇ ಸ್ಕ್ರಿಪ್ಟ್‌ಗೆ ಒಂದೇ ಒಂದು ರಕ್ಷಣೆ ಕೊಡಲು ಸಾಧ್ಯ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಒಂಬತ್ತೂವರೆ ಏಕೆಂದರೆ, ಕೆಲವು ಮಾರುಕಟ್ಟೆಗಳ ದರ ಆರಕ್ಕೆ ಬಂದಿರುವುದಿಲ್ಲ. ಆದ್ದರಿಂದ ಸ್ಕ್ರಿಪ್ಟ್ ಈಗ 0 18,19,21 * * * ಎಂದು ಮೂರು ಹೊತ್ತು ಓಡುತ್ತದೆ. ಹಾಗೆ ಓಡಿಸಲು ಮೊದಲು ಅದು ಎಷ್ಟು ಸಲ ಓಡಿದರೂ ಫಲ ಒಂದೇ ಆಗುವಂತಿರಬೇಕು. ಮಾರುಕಟ್ಟೆ, ಅಡಿಕೆಯ ಬಗೆ, ತಾರೀಖು ಈ ಮೂರೂ ಸೇರಿ ಡೇಟಾಬೇಸ್‌ನಲ್ಲಿ ಒಂದೇ ಸಾಲು; ಎರಡನೇ ಸಲ ಬಂದರೆ ಸೇರುವುದಿಲ್ಲ, ತಿದ್ದುಪಡಿಯಾಗುತ್ತದೆ. ಈ ಗುಣ ಬಂದ ಮೇಲೆ ಸಂಶಯವಾದಾಗಲೆಲ್ಲ ಕೈಯಿಂದ ಓಡಿಸಿ ನೋಡುವ ಧೈರ್ಯವೂ ಬಂತು. ಮೊಬೈಲ್ ಸಂದೇಶದ ವಿಷಯ ಬೇರೆ. ಹೋದ ಸಂದೇಶವನ್ನು ಹಿಂದಕ್ಕೆ ಕರೆಯಲಾಗದು. ಆದ್ದರಿಂದ ಕಳಿಸಿದ್ದನ್ನು ಗುರುತು ಹಾಕಿಟ್ಟು, ಮತ್ತೆ ಓಡಿದಾಗ ಗುರುತು ಇಲ್ಲದವರಿಗೆ ಮಾತ್ರ ಕಳಿಸುತ್ತದೆ. ಮೊದಲಿನ ಓಟ ಮುಗಿಯದೆ ಎರಡನೆಯದು ಶುರುವಾಗದಂತೆ ಎಫ್‌ಲಾಕ್ ಎಂಬ ಬೀಗ ಕಾಯುತ್ತದೆ.

ಕ್ರಾನ್‌ನ ಪಟ್ಟಿಯ ಒಂದು ಪ್ರತಿಯನ್ನು ಸ್ಕ್ರಿಪ್ಟ್‌ಗಳ ಜೊತೆಗೇ ಗಿಟ್‌ನಲ್ಲಿ ಇಡುತ್ತೇವೆ. ಪಟ್ಟಿಯನ್ನು ತಿದ್ದುವ ಆಯ್ಕೆ ‘ಇ’, ಇಡೀ ಪಟ್ಟಿಯನ್ನು ಕೇಳದೇ ಅಳಿಸುವ ಆಯ್ಕೆ ‘ಆರ್’. ಕೀಲಿಮಣೆಯಲ್ಲಿ ಇವೆರಡೂ ಅಕ್ಕಪಕ್ಕ, ಬೆರಳು ಜಾರಿದರೆ ಆ ಪ್ರತಿಯೇ ಗತಿ. ಪ್ರತಿ ಸಾಲಿನ ಮೇಲೆ ಕನ್ನಡದಲ್ಲೇ ಟಿಪ್ಪಣಿ ಇರುತ್ತದೆ: ಇದು ಏನು ಮಾಡುತ್ತದೆ, ಇದಕ್ಕಾಗಿ ಯಾರು ಕಾಯುತ್ತಾರೆ, ಓಡದಿದ್ದರೆ ಮೊದಲು ಎಲ್ಲಿ ನೋಡಬೇಕು. ಬಳಗದ ಬೆಳೆಗಾರರೊಬ್ಬರ ಮಗಳು ಈಗ ನನ್ನ ಜೊತೆ ತಾಣ ನೋಡಿಕೊಳ್ಳುತ್ತಾಳೆ. ಒಂಬತ್ತೂವರೆಯ ಸಂದೇಶ ಹೋಗುವ ಎರಡನೇ ಫೋನ್ ಅವಳದೇ. ಕಾಳುಮೆಣಸಿನ ದರಕ್ಕೆಂದು ಹೊಸ ಸಾಲು ಸೇರಿಸಿದವಳೂ ಅವಳೇ. ಅದರ ಟಿಪ್ಪಣಿಯನ್ನು ಅವಳು ಮೊದಲು ಬರೆದಳು, ಸ್ಕ್ರಿಪ್ಟನ್ನು ಆಮೇಲೆ.