ಮೂಗಿನ ಅಲರ್ಜಿಗೆ ಸ್ಟಿರಾಯ್ಡ್ ಸ್ಪ್ರೇ: ಆಯ್ಕೆ ಮತ್ತು ಬಳಕೆ

ಭಂಡಾರಕವಠೆಯ ಸುತ್ತಮುತ್ತ ಮಾಲದಂಡಿ ಜೋಳದ ರಾಶಿ ಆರಂಭವಾಯಿತೆಂದರೆ ಹಲವರಿಗೆ ಮೂಗಿನ ಕಾಟವೂ ಆರಂಭ. ಬೆಳಿಗ್ಗೆ ಎದ್ದೊಡನೆ ಸಾಲು ಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣಿನ ತುರಿಕೆ; ರಾತ್ರಿ ಮೂಗು ಕಟ್ಟಿ ನಿದ್ರೆಯಿಲ್ಲ. ಇದನ್ನು ನಾವು ನೆಗಡಿ ಎನ್ನುತ್ತೇವೆ. ಆದರೆ ನೆಗಡಿ ಹತ್ತು ದಿನಗಳಲ್ಲಿ ಹೋಗುತ್ತದೆ. ಜ್ವರವಿಲ್ಲದೆ, ತುರಿಕೆಯೊಡನೆ ವಾರಗಟ್ಟಲೆ ಉಳಿದರೆ ಅದು ಬಹುತೇಕ ಅಲರ್ಜಿ. ಹೊಟ್ಟಿನ ಧೂಳು, ಕಣಿಕೆಯ ಬೂಷ್ಟು, ಹಾಸಿಗೆಯ ನುಸಿ, 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಎಲ್ಲೆಡೆ ಹಬ್ಬಿದ ಕಾಂಗ್ರೆಸ್ ಕಸದ ಪರಾಗ, ಇವೆಲ್ಲ ಇದಕ್ಕೆ ಕಾರಣವಾಗುತ್ತವೆ.

ಇದಕ್ಕೆ ನಮ್ಮವರು ಸಾಮಾನ್ಯವಾಗಿ ಅಂಗಡಿಯಿಂದ ಮೂಗು ಬಿಡಿಸುವ ಹನಿ ತರುತ್ತಾರೆ. ಕ್ಸೈಲೋಮೆಟಾಝೋಲಿನ್ ಅಥವಾ ಆಕ್ಸಿಮೆಟಾಝೋಲಿನ್ ಎಂಬ ಆ ಹನಿಗಳಿಂದ ಹತ್ತು ನಿಮಿಷದಲ್ಲಿ ಉಸಿರು ಸರಾಗ. ಐದು ದಿನ ಮೀರಿ ಹಾಕಿದರೆ ಮಾತ್ರ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ, ಹನಿಯಿಲ್ಲದೆ ಮಲಗಲಾಗದ ಸ್ಥಿತಿ ಬರುತ್ತದೆ. ಇನ್ನು ಕೆಲವರು ಸೂಜಿ ಚುಚ್ಚಿಸಿಕೊಳ್ಳುತ್ತಾರೆ. (ಸೂಜಿ ಕೊಡದವರು ಡಾಕ್ಟರೇ ಅಲ್ಲ ಎನ್ನುವವರು ಇನ್ನೂ ಇದ್ದಾರೆ!) ಆ ಸೂಜಿಯಲ್ಲಿ, ಹೆಸರು ಕೇಳದೆ ನುಂಗುವ ಸಣ್ಣ ಮಾತ್ರೆಯಲ್ಲಿ ಅನೇಕ ವೇಳೆ ಇರುವುದು ಸ್ಟಿರಾಯ್ಡೇ. ಅದು ಮೈಯೆಲ್ಲ ಹರಡಿ ಸಕ್ಕರೆ, ರಕ್ತದೊತ್ತಡ ಏರಿಸುತ್ತದೆ, ಎಲುಬು ಸವೆಸುತ್ತದೆ. ಅದಕ್ಕೆ ಹೆದರದವರು ಸ್ಪ್ರೇ ಡಬ್ಬಿಯ ಮೇಲೆ ಸ್ಟಿರಾಯ್ಡ್ ಎಂದು ಕಂಡು ಹೆದರುತ್ತಾರೆ!

ಸ್ಪ್ರೇಯ ಔಷಧ ಬಹುಪಾಲು ಮೂಗಿನಲ್ಲೇ ಕೆಲಸ ಮಾಡುತ್ತದೆ. ಗಂಟಲಿಗಿಳಿದದ್ದರಲ್ಲಿ ಹೆಚ್ಚಿನದನ್ನು ಯಕೃತ್ತು ಒಡೆದುಹಾಕುತ್ತದೆ. ಫ್ಲುಟಿಕಾಸೋನ್ ಮತ್ತು ಮೊಮೆಟಾಸೋನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಗರ್ಭಿಣಿಯರಲ್ಲಿ ಬುಡೆಸೊನೈಡ್‌ನ ಅನುಭವ ಹೆಚ್ಚು, ಆದರೂ ವೈದ್ಯರನ್ನು ಕೇಳಿಯೇ ಬಳಸಬೇಕು. ಗುಣದಲ್ಲಿ ಇವುಗಳ ನಡುವೆ ದೊಡ್ಡ ವ್ಯತ್ಯಾಸವಿಲ್ಲ. ಆದ್ದರಿಂದ ಪ್ರತಿ ತಿಂಗಳು ಕೊಳ್ಳಲು ಸಾಧ್ಯವಾಗುವುದನ್ನು, ವಾಸನೆ ಸಹಿಸುವುದನ್ನು ವೈದ್ಯರಿಂದ ಬರೆಸಿಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಒಂದೆರಡು ದಿನ ಹೊಡೆದು "ಉಪಯೋಗವಿಲ್ಲ" ಎಂದು ಬಿಡುವವರೇ ಹೆಚ್ಚು. ಇದರ ಪೂರ್ಣ ಫಲ ಕಾಣಲು ಎರಡು ವಾರ ಬೇಕಾದೀತು. ದಿನವೂ ತಪ್ಪದೆ ಬಳಸಬೇಕು. ಪ್ರತಿ ವರ್ಷ ರಾಶಿಯ ಕಾಲಕ್ಕೇ ಕಾಡುವವರು ಅದಕ್ಕೆ ಎರಡು ವಾರ ಮೊದಲೇ ಆರಂಭಿಸಬೇಕು. ಒಂದು ಹೊಡೆತಕ್ಕೆ 50 ಮೈಕ್ರೋಗ್ರಾಂ ಇರುವ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಆದರೆ ವಯಸ್ಕರಿಗೆ ಸಾಮಾನ್ಯವಾಗಿ ಪ್ರತಿ ಹೊಳ್ಳೆಗೆ ಎರಡು ಹೊಡೆತ, ದಿನಕ್ಕೊಮ್ಮೆ. ಹತೋಟಿಗೆ ಬಂದ ಮೇಲೆ ವೈದ್ಯರು ಒಂದಕ್ಕೆ ಇಳಿಸುತ್ತಾರೆ.

ಹೊಡೆಯುವ ರೀತಿಯಲ್ಲಿಯೇ ಅರ್ಧ ಗುಣವಿದೆ. ಮೊದಲು ಮೂಗು ಸೀದಿಕೊಳ್ಳಿರಿ. ಹೊಲದಿಂದ ಬಂದಿದ್ದರೆ, ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ ಮೂಗು ತೊಳೆಯಿರಿ. ಬಾಟಲಿ ಅಲ್ಲಾಡಿಸಿ, ಹೊಸದಾದರೆ ಮಂಜಿನಂತೆ ಬರುವವರೆಗೆ ಗಾಳಿಯಲ್ಲಿ ಒತ್ತಿರಿ. ತಲೆ ಹಿಂದಕ್ಕೆ ಎತ್ತಬಾರದು, ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಬಳಸಿದರೆ ತುದಿ ತಾನಾಗಿ ಹೊರಕ್ಕೆ, ಅದೇ ಬದಿಯ ಕಣ್ಣಿನ ಕಡೆಗೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಅದು ಒಣಗಿ ರಕ್ತ ಬರುತ್ತದೆ. ಒತ್ತುವಾಗ ಮೆಲ್ಲನೆ ಉಸಿರೆಳೆಯಿರಿ. ಜೋರಾಗಿ ಎಳೆದರೆ ಔಷಧ ಗಂಟಲಿಗೆ ಹೋಗುತ್ತದೆ.

ರಾಶಿ ಯಂತ್ರದ ಮುಂದೆ ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟುವುದನ್ನು ಮಾತ್ರ ಬಿಡಬಾರದು.

ಕಣ್ಣಿನ ಪೊರೆ, ಗ್ಲಾಕೋಮಾ, ಕ್ಷಯ ಇರುವವರು ಅಥವಾ ರಿಟೊನಾವಿರ್ ಇರುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ಪದೇ ಪದೇ ರಕ್ತ ಬಂದರೆ, ಎದೆಯಲ್ಲಿ ಗೊರಗೊರ ಶಬ್ದವಿದ್ದರೆ ತಡಮಾಡಬೇಡಿರಿ. ಸರಿಯಾಗಿ ಒಂದು ತಿಂಗಳು ಬಳಸಿಯೂ ಗುಣ ಕಾಣದಿದ್ದರೆ ಸೋಲಾಪುರದ ಸಿವಿಲ್ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಿರಿ. ಹೋಗುವಾಗ ಬಾಟಲಿಯನ್ನೂ ಒಯ್ದು, ನೀವು ಹೊಡೆಯುವ ರೀತಿಯನ್ನು ಅವರೆದುರು ಮಾಡಿ ತೋರಿಸಿರಿ.