ಸೋರುವ ಡೀಸೆಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬಹುದೇ?

ಪ್ರಶ್ನೆ: ನಮ್ಮದು ಹಳೆಯ ಲಾರಿ. ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ ಕಡೆ ಭತ್ತ ಹೇರುತ್ತೇವೆ, ಉಳಿದಂತೆ ಗೊಬ್ಬರದ ಚೀಲ. ಡೀಸೆಲ್ ಟ್ಯಾಂಕಿನ ತಳ ಜಿನುಗುತ್ತಿದೆ. “ಡೀಸೆಲ್ಲು ಪೆಟ್ರೋಲಿನಂಗ ಹತ್ತೂದಿಲ್ಲ, ಖಾಲಿ ಮಾಡಿ ವೆಲ್ಡಿಂಗ್ ಹೊಡಿಸ್ರಿ” ಎಂದು ಒಬ್ಬರು, “ಸೈಲೆನ್ಸರ್ ಹೊಗಿ ಒಳಗ ಬಿಟ್ಟು ಹೊಡಿಸ್ರಿ” ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಬೇಕು?
– ಕುಷ್ಟಗಿಯ ಓದುಗರು

ಉತ್ತರ: ಇಬ್ಬರ ಮಾತೂ ಬೇಡ. ಸೋರಿಕೆಯಿಂದ ಹಣ ಹೋಗುತ್ತದೆ, ಆದರೆ ಆ ಎರಡು ಸಲಹೆಗಳಿಂದ ಜೀವ ಹೋಗಬಹುದು. ತುಂಬಿದ ಟ್ಯಾಂಕಿಗಿಂತ ಬರಿದು ಮಾಡಿದ ಟ್ಯಾಂಕ್ ಹೆಚ್ಚು ಅಪಾಯಕಾರಿ ಎಂಬುದನ್ನು ಮೊದಲು ತಿಳಿಯಬೇಕು. ಉರಿಯುವುದು ದ್ರವವಲ್ಲ, ಅದರಿಂದ ಏಳುವ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೂ ಗಾಳಿಗೂ ಜಾಗ ಕಡಿಮೆ. ಬರಿದಾದದ್ದರಲ್ಲಿ ಎರಡೂ ಹದವಾಗಿ ಬೆರೆಯುತ್ತವೆ.

ಡೀಸೆಲ್ ಸುಲಭವಾಗಿ ಹತ್ತುವುದಿಲ್ಲ ಎಂಬುದು ತಣ್ಣಗಿರುವಾಗಿನ ಮಾತು. ನಮ್ಮ ದೇಶದ ಮಾನದಂಡದ ಪ್ರಕಾರ, ಬಂಕಿನಲ್ಲಿ ಮಾರುವ ಡೀಸೆಲ್ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಕಿಡಿಗೆ ಹೊತ್ತುವಷ್ಟು ಆವಿ ಬಿಡಬಾರದು, ಅಷ್ಟೇ. ಏಪ್ರಿಲ್-ಮೇ ತಿಂಗಳಲ್ಲಿ ಕೊಪ್ಪಳ, ಯಲಬುರ್ಗಾದ ಬಿಸಿಲು 40 ಡಿಗ್ರಿ ದಾಟುತ್ತದೆ. ಎಂಜಿನ್‌ನಿಂದ ಬಿಸಿಯಾಗಿ ಮರಳುವ ಡೀಸೆಲ್ ಕೂಡ ಅದೇ ಟ್ಯಾಂಕಿಗೆ ಬೀಳುತ್ತದೆ. ಅಂದರೆ ಆ 35ರ ಗಡಿಯನ್ನು ನಿಮ್ಮ ಟ್ಯಾಂಕ್ ನಡುಮಧ್ಯಾಹ್ನ ದಿನವೂ ಮೀರಿರುತ್ತದೆ.

ಟ್ಯಾಂಕ್ ಬರಿದು ಮಾಡಿ, ಮುಚ್ಚಳ ತೆಗೆದು ವಾರ ಬಿಸಿಲಿಗಿಟ್ಟರೆ ಪೆಟ್ರೋಲ್ ಬಹುಪಾಲು ಆರಿಹೋಗುತ್ತದೆ. ಡೀಸೆಲ್ ಆರುವುದಿಲ್ಲ. ತಗಡಿನ ಮಡಿಕೆಯಲ್ಲಿ, ಜಂಗಿನ ಪದರದ ಕೆಳಗೆ, ಒಳಗಿನ ಅಡ್ಡತಗಡುಗಳ ಮೂಲೆಯಲ್ಲಿ ಅಂಟಿಕೊಂಡೇ ಇರುತ್ತದೆ. ಮೂಗಿಗೆ ವಾಸನೆಯೂ ಹೆಚ್ಚು ಬರುವುದಿಲ್ಲ. ವೆಲ್ಡಿಂಗ್ ಕಾವು ತಗುಲಿದಾಗ ಅದೇ ಆವಿಯಾಗಿ ಏಳುತ್ತದೆ. ಗಾಳಿಯಲ್ಲಿ ನೂರಕ್ಕೆ 0.6 ಪಾಲು ಆವಿ ಸೇರಿದರೂ ಸ್ಫೋಟಕ್ಕೆ ಸಾಕು. ಲೆಕ್ಕ ಹಾಕಿ ನೋಡಿ: 200 ಲೀಟರಿನ ಟ್ಯಾಂಕಿಗೆ ಎರಡು ಟೀ ಚಮಚದಷ್ಟು ಡೀಸೆಲ್ ಆವಿಯಾದರೆ ಆ ಮಟ್ಟ ಮುಟ್ಟುತ್ತದೆ.

ಸೈಲೆನ್ಸರ್ ಹೊಗೆಯ ಉಪಾಯ ಹಳೆಯದು. ಹೊಗೆಯಲ್ಲಿ ಆಮ್ಲಜನಕ ಇರುವುದಿಲ್ಲ, ಹಾಗಾಗಿ ಒಳಗೆ ಬೆಂಕಿ ಹತ್ತುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಪೆಟ್ರೋಲ್ ಎಂಜಿನ್‌ನ ಹೊಗೆಗೆ ಇದು ಸ್ವಲ್ಪ ಮಟ್ಟಿಗೆ ಹೊಂದೀತು. ಡೀಸೆಲ್ ಎಂಜಿನ್ ಹಾಗಲ್ಲ. ಲೋಡಿಲ್ಲದೆ ನಿಂತಲ್ಲೇ ಓಡುವಾಗ ಅದು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಎಳೆದು, ಬಹುಪಾಲು ಆಮ್ಲಜನಕವನ್ನು ಹಾಗೆಯೇ ಹೊರಗೆ ಬಿಡುತ್ತದೆ. ಗ್ಯಾರೇಜಿನಲ್ಲಿ ಪಕ್ಕಕ್ಕೆ ನಿಲ್ಲಿಸಿ ಹೊಗೆ ಬಿಡಿಸುವುದು ಇನ್ನೊಂದು ಡೀಸೆಲ್ ಲಾರಿಯಿಂದಲೇ. ಆ ಹೊಗೆ ಬೆಂಕಿಯನ್ನು ತಡೆಯುವುದಿಲ್ಲ, ಟ್ಯಾಂಕನ್ನು ಇನ್ನಷ್ಟು ಬಿಸಿ ಮಾಡುತ್ತದೆ.

ಇನ್ನು ಸೋರಿಕೆಯ ಮೂಲ. ತಳ ಒದ್ದೆಯಾಗಿದೆ ಎಂದರೆ ತೂತು ತಳದಲ್ಲೇ ಇದೆ ಎಂದಲ್ಲ. ಗೇಜಿನ ವಾಷರ್ ಹೋಗಿ, ರಿಟರ್ನ್ ಪೈಪಿನ ಜಾಯಿಂಟ್ ಸಡಿಲಾಗಿ ಮೇಲಿನಿಂದ ಇಳಿದ ಡೀಸೆಲ್ ಕೂಡ ತಳಕ್ಕೆ ಬಂದೇ ತೊಟ್ಟಿಕ್ಕುತ್ತದೆ. ಟ್ಯಾಂಕಿನ ಮೈಯನ್ನು ಸೋಪುನೀರಿನಿಂದ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ ಅರ್ಧ ತಾಸು ಬಿಡಿ. ಬಿಳಿ ಪುಡಿ ಮೊದಲು ಎಲ್ಲಿ ಕಂದಾಗಿ ನೆನೆಯುತ್ತದೋ ಅದೇ ಜಾಗ. ಕಂಪ್ರೆಸರ್ ಗಾಳಿ ಹೊಡೆದು ನೋಡಬೇಡಿ. ತೆಳು ತಗಡಿನ ಟ್ಯಾಂಕ್ ಉಬ್ಬುತ್ತದೆ, ಒಡೆಯಲೂಬಹುದು.

ಹಳೆಯ ಲಾರಿಗಳಲ್ಲಿ ಹೆಚ್ಚಾಗಿ ತೂತು ಬೀಳುವುದು ಟ್ಯಾಂಕನ್ನು ಬಿಗಿದ ಕಬ್ಬಿಣದ ಪಟ್ಟಿಯ ಅಡಿಯಲ್ಲಿ. ಪಟ್ಟಿಗೂ ಟ್ಯಾಂಕಿಗೂ ನಡುವಿನ ರಬ್ಬರ್ ಹರಿದಿರುತ್ತದೆ. ಆ ಸಂದಿಗೆ ಕಾಲುವೆ ದಾರಿಯ ಎರೆಮಣ್ಣು ಸೇರಿಕೊಳ್ಳುತ್ತದೆ. ಎರೆ ಒಮ್ಮೆ ನೆಂದರೆ ಬೇಗ ಒಣಗುವುದಿಲ್ಲ. ಅದರ ಜೊತೆ ಚೀಲದಿಂದ ಉದುರಿದ ಗೊಬ್ಬರದ ಉಪ್ಪು ಸೇರಿದರೆ ತಗಡು ಹೊರಗಿನಿಂದ ಕರಗುತ್ತಾ ಬರುತ್ತದೆ. ರಬ್ಬರ್ ಬದಲು ಗೋಣಿಚೀಲದ ತುಂಡು ಮಡಚಿ ಇಡುವವರಿದ್ದಾರೆ. ಗೋಣಿ ನೀರು ಹಿಡಿದಿಡುವುದರಿಂದ ಜಂಗು ಇಮ್ಮಡಿಯಾಗುತ್ತದೆ. ಒಳಗಿನಿಂದ ತಿನ್ನುವುದು ನೀರು. ಎರಡು ಸುಗ್ಗಿಗಳ ನಡುವೆ ಲಾರಿ ಅರ್ಧ ಟ್ಯಾಂಕಿನಲ್ಲಿ ನಿಂತರೆ, ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕಿಳಿದು ಅಲ್ಲೇ ಕೂರುತ್ತದೆ. ಸೂಜಿಮೊನೆಯಂಥ ತೂತುಗಳು ಹುಟ್ಟುವುದು ಹಾಗೆ.

ದಾರಿಯಲ್ಲಿದ್ದಾಗ ಡ್ರೈವರುಗಳು ಮೈಸೋಪು ಉಜ್ಜಿ ತೂತು ಮುಚ್ಚುತ್ತಾರೆ. ಇದು ಒಳ್ಳೆಯ ಉಪಾಯವೇ, ಏಕೆಂದರೆ ಸೋಪು ಡೀಸೆಲ್‌ನಲ್ಲಿ ಕರಗುವುದಿಲ್ಲ. ಊರು ಮುಟ್ಟುವ ತನಕ ತಡೆಯುತ್ತದೆ, ಮಳೆ ಬಂದರೆ ತೊಳೆದುಹೋಗುತ್ತದೆ. ಎಂ-ಸೀಲ್ ಹಚ್ಚುವುದಾದರೆ ಟ್ಯಾಂಕಿನ ಮಟ್ಟವನ್ನು ತೂತಿಗಿಂತ ಕೆಳಗಿಳಿಸಿ, ಬಣ್ಣ, ಜಂಗು ಹೋಗಿ ತಗಡು ಕಾಣುವಂತೆ ಎಮರಿ ಕಾಗದದಿಂದ ಕೈಯಲ್ಲೇ ಉಜ್ಜಿ. ಗ್ರೈಂಡರ್ ಬೇಡ, ಕಿಡಿ ಹಾರುತ್ತದೆ. ಒದ್ದೆ ತಗಡಿಗೆ ಎಂ-ಸೀಲ್ ಹಿಡಿಯುವುದಿಲ್ಲ, ಹಿಡಿದರೂ ಮೂರನೇ ದಿನ ಬಿಲ್ಲೆಯಂತೆ ಕಳಚುತ್ತದೆ.

ಕಾಯಂ ರಿಪೇರಿಗೆ ಟ್ಯಾಂಕನ್ನು ಲಾರಿಯಿಂದ ಇಳಿಸಲೇಬೇಕು. ಗೇಜು, ಪೈಪು ಬಿಚ್ಚಿ, ವಾಷಿಂಗ್ ಸೋಡಾ ಕಲಸಿದ ಕುದಿನೀರು ಹಾಕಿ ಅಲುಗಾಡಿಸಿ ಚೆಲ್ಲಬೇಕು. ಹೊರಬರುವ ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ಕಾಣದಂತಾಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ಸೂಜಿತೂತುಗಳಿಗೆ ನನ್ನ ಸಲಹೆ ವೆಲ್ಡಿಂಗ್ ಅಲ್ಲ, ಬೆಸುಗೆ. ತಾಮ್ರದ ರೇಡಿಯೇಟರ್ ರಿಪೇರಿ ಮಾಡುವ ಹಳೆಯ ಕೈಗಳು ಇದನ್ನು ಚೆನ್ನಾಗಿ ಬಲ್ಲವು. ತಾಮ್ರದ ಕಡ್ಡಿಯನ್ನು ದೂರದಲ್ಲಿ ಕಾಯಿಸಿ ತಂದು ಸೀಸ-ತವರ ಕೂರಿಸುತ್ತಾರೆ, ಟ್ಯಾಂಕಿನ ಹತ್ತಿರ ಜ್ವಾಲೆಯೂ ಇಲ್ಲ, ಕಿಡಿಯೂ ಇಲ್ಲ. ತೊಳೆಯದ ಟ್ಯಾಂಕಿಗೆ ಮಾತ್ರ ಇದನ್ನೂ ಮಾಡಿಸಬೇಡಿ.

ಹೊಲಿಗೆ ಬಿಚ್ಚಿ ವೆಲ್ಡಿಂಗ್ ಅನಿವಾರ್ಯವಾದರೆ, ತೊಳೆದ ಟ್ಯಾಂಕನ್ನು ತೂತು ಮೇಲೆ ಬರುವಂತೆ ತಿರುಗಿಸಿ ನೀರು ತುಂಬಿಸಬೇಕು. ಇಲ್ಲಿ ಬಹಳ ಮಂದಿ ತಪ್ಪುವುದು ಒಂದೇ ಕಡೆ. ಉಳಿದ ಡೀಸೆಲ್ ನೀರಿನ ಮೇಲೆ ತೇಲಿ, ಕಿಡಿ ಬೀಳುವ ಜಾಗಕ್ಕೇ ಬಂದು ನಿಲ್ಲುತ್ತದೆ. ಆದ್ದರಿಂದ ನೀರನ್ನು ಉಕ್ಕಿ ಹರಿಸಿ ಆ ಪೊರೆಯನ್ನು ಹೊರಹಾಕಬೇಕು. ಆಮೇಲೆ ತೂತಿನಿಂದ ಬೆರಳಗಲ ಕೆಳಗಿನವರೆಗೆ ಮಾತ್ರ ನೀರು ಇಳಿಸಬೇಕು. ಉಗಿ ಹೊರಹೋಗಲು ಒಂದು ಬಾಯಿ ತೆರೆದೇ ಇರಬೇಕು.

ರಿಪೇರಿಯ ನಂತರ ಒಳಗೆ ಒಣಗಿಸಿ, ಸ್ವಲ್ಪ ಡೀಸೆಲ್ ಹಾಕಿ ತೊಳೆದು ಚೆಲ್ಲಿ. ಹೊರಗೆ ರೆಡ್ ಆಕ್ಸೈಡ್ ಹೊಡೆಸಿ, ಪಟ್ಟಿಗೆ ಹೊಸ ರಬ್ಬರ್ ಹಾಕಿಸಿ. ಕದಡಿದ ಜಂಗು ಫಿಲ್ಟರಿಗೆ ಬರುವುದರಿಂದ ಒಂದು ಫಿಲ್ಟರ್ ಜೊತೆಗಿರಲಿ. ತಿಂಗಳಿಗೊಮ್ಮೆ ತಳದ ಡ್ರೈನ್ ಬೋಲ್ಟ್ ಸಡಿಲಿಸಿ ನೀರು ಬಿಡಿ.

ರಿಪೇರಿಗೆ ಮುನ್ನ ಒಂದು ಪರೀಕ್ಷೆ ಮಾಡಿ. ಬರಿದಾದ ಟ್ಯಾಂಕಿನ ತಳವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ತೂತಿನ ಸುತ್ತ ತಗಡು ಒಳಕ್ಕೆ ಬಗ್ಗಿದರೆ ಅದರ ಆಯುಸ್ಸು ಮುಗಿದಿದೆ, ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಆಗ ಹೊಸಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ಗಟ್ಟಿ ಟ್ಯಾಂಕ್ ಹುಡುಕಿ ಹಾಕಿಸುವುದೇ ಸರಿ. ಕ್ಷಣಕ್ಕೊಂದು ಹನಿ ಸೋರಿದರೂ ದಿನಕ್ಕೆ ಒಂದೂವರೆ ಎರಡು ಲೀಟರ್ ಡೀಸೆಲ್ ಹೋಗುತ್ತದೆ, ಆ ಹಣದಲ್ಲೇ ಟ್ಯಾಂಕಿನ ಬೆಲೆ ಹುಟ್ಟುತ್ತದೆ. ರಸ್ತೆಗೆ ಬಿದ್ದ ಡೀಸೆಲ್ ಮೇಲೆ ಜಾರುವುದು ಹಿಂದೆ ಬರುವ ಬೈಕಿನವರು ಎಂಬುದೂ ನೆನಪಿರಲಿ.

ವೆಲ್ಡಿಂಗ್ ಅಂಗಡಿಗೆ ಟ್ಯಾಂಕ್ ಕೊಡುವಾಗ ಅದು ಡೀಸೆಲ್ ಟ್ಯಾಂಕ್, ಹೇಗೆ ತೊಳೆದಿದ್ದೀರಿ ಎಂಬುದನ್ನು ಕೆಲಸ ಮಾಡುವವನಿಗೇ ಖುದ್ದಾಗಿ ಹೇಳಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಹುಡುಗರನ್ನು ನಿಲ್ಲಿಸಲು ಬಿಡಬೇಡಿ.