ಅಂಕಿ ಎಲ್ಲಿಂದ ಬಂತು?

ಮಕ್ಕಳೇ, ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರದ ಸುತ್ತಿನ ಹಳ್ಳಿಗಳಿಂದ ಬಸ್ಸು ಹತ್ತಿ ಬಂದು ಬಿ.ಕಾಂ. ಓದುತ್ತಿದ್ದೀರಿ. ಟ್ಯಾಲಿ ಸರ್ಟಿಫಿಕೇಟ್ ಕೈಗೆ ಬಂದರೆ ಕಂಪ್ಯೂಟರ್ ಲೆಕ್ಕ ಕಲಿತಂತೆ ಎಂದು ನಿಮ್ಮಲ್ಲಿ ಬಹಳ ಮಂದಿ ನಂಬಿದ್ದೀರಿ. ನನ್ನ ಪ್ರಕಾರ ಅಷ್ಟು ಸಾಲದು. ಪರದೆಯ ಮೇಲಿನ ಯಾವ ಅಂಕಿ ಯಾವ ಬಿಲ್ಲಿನಿಂದ ಬಂತೆಂದು ಬೆರಳಿಟ್ಟು ತೋರಿಸಲು ನಿಮಗೆ ಬರಬೇಕು.

ಚನ್ನಪಟ್ಟಣದ ಒಂದು ಬೊಂಬೆ ಅಂಗಡಿಯನ್ನೇ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ 1,000 ರೂಪಾಯಿಯ ಬೊಂಬೆ ಮಾರಿದರೆ, ತೆರಿಗೆ ಸೇರಿ ಗಿರಾಕಿ 1,050 ಕೊಡುತ್ತಾನೆ. ಆನ್‌ಲೈನ್ ಕಂಪನಿಯವರು ಕಮಿಷನ್, ಅದರ ಮೇಲಿನ ಜಿಎಸ್‌ಟಿ, ಸಾಗಣೆ ಖರ್ಚು, ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಲ್ಲ ಮುರಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತಾರೆ. 820 ಬಂತು ಅನ್ನಿ. ಹೊಸದಾಗಿ ಕಲಿತವರು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಮಾರಾಟ 820 ಎಂದು ಎಂಟ್ರಿ ಹೊಡೆದುಬಿಡುತ್ತಾರೆ. ಡೆಬಿಟ್ಟು ಕ್ರೆಡಿಟ್ಟು ಸರಿಹೋದ ಮೇಲೆ ತಂತ್ರಾಂಶ ತಕರಾರು ಮಾಡುವುದಿಲ್ಲ. ಆದರೆ ಮಾರಾಟ ನಿಜಕ್ಕೂ 1,000. ಕಮಿಷನ್ ಖರ್ಚಿಗೆ ಹೋಗಬೇಕು, ಅದರ ಜಿಎಸ್‌ಟಿ ಇನ್‌ಪುಟ್ ಆಗಿ ಸಿಗಬೇಕು, ಟಿಸಿಎಸ್ ಜಿಎಸ್‌ಟಿ ಪೋರ್ಟಲಿನ ಕ್ಯಾಶ್ ಲೆಡ್ಜರಿಗೆ ಬರಬೇಕು. ಸೆಟಲ್‌ಮೆಂಟ್ ರಿಪೋರ್ಟ್ ತೆರೆದು ಸಾಲುಸಾಲು ಓದಿದವರಿಗೆ ಮಾತ್ರ ಇದು ಕಾಣುತ್ತದೆ. ಓದದಿದ್ದರೆ ನಷ್ಟ ಬೊಂಬೆ ಕಡೆದವನದು.

ದರದ ವಿಷಯವೂ ಹಾಗೆಯೇ. 2025ರ ಸೆಪ್ಟೆಂಬರ್ 22ರಿಂದ ಚನ್ನಪಟ್ಟಣದ ಬೊಂಬೆಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಐಟಂ ಮಾಸ್ಟರ್‌ನಲ್ಲಿ ನೀವು ತಿದ್ದದಿದ್ದರೆ ಬಿಲ್ಲಿನಲ್ಲಿ ಹಳೆಯ ಹನ್ನೆರಡೇ ಬೀಳುತ್ತದೆ. ರೇಷ್ಮೆಯ ಲೆಕ್ಕ ಬರೆಯುವವರು ಗೂಡಿಗೂ ಕಚ್ಚಾ ರೇಷ್ಮೆಗೂ ತೆರಿಗೆಯಿಲ್ಲ, ಹುರಿ ಮಾಡಿದ ನೂಲಿಗೆ ಉಂಟು ಎಂಬುದನ್ನು ಮರೆಯಬಾರದು.

ಎಕ್ಸೆಲ್ ಚೆನ್ನಾಗಿ ಕಲಿಯಿರಿ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಸಿಗುವ ಇನ್‌ಪುಟ್ ತೆರಿಗೆಯ ಪಟ್ಟಿ, ಸಿದ್ಧವಾಗುತ್ತದೆ. ಅದನ್ನಿಳಿಸಿಕೊಂಡು ಖರೀದಿ ಪುಸ್ತಕದ ಜೊತೆ ತಾಳೆ ನೋಡಿ, ಆಮೇಲೆ ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸಿ. ಬಿಲ್ಲಿನ ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿ 29 ಇದ್ದರೆ ಕರ್ನಾಟಕದ ವ್ಯಾಪಾರಿ; ನಂತರದ ಹತ್ತು ಅಕ್ಷರ ಅವರ ಪ್ಯಾನ್. ಅನುಮಾನ ಬಂದರೆ ಪೋರ್ಟಲಿನಲ್ಲೇ ಹುಡುಕಿ ನೋಡಬಹುದು.

ಇನ್ನೊಂದು ಮಾತು, ಇದು ಪರೀಕ್ಷೆಗೆ ಬರುವುದಿಲ್ಲ. ಅಂಗಡಿಯ ಯಜಮಾನರು ನಿಮ್ಮನ್ನು ನಂಬಿ ಪಾಸ್‌ವರ್ಡ್ ಕೊಡುತ್ತಾರೆ, ಒಟಿಪಿಯನ್ನೂ ಹೇಳಿಬಿಡುತ್ತಾರೆ. ಅನುಕೂಲವೆಂದು ಅವರ ಖಾತೆಗೆ ನಿಮ್ಮ ಮೊಬೈಲ್ ನಂಬರ್ ಜೋಡಿಸಬೇಡಿ. ಒಟಿಪಿ ಅವರ ಫೋನಿಗೇ ಹೋಗಲಿ. ಏತಕ್ಕೆ ಬಂತೆಂದು ಪ್ರತಿಸಲ ತಿಳಿಸಿಯೇ ಕೇಳಿ ಪಡೆಯಿರಿ. ಕೆಲಸ ಬಿಡುವ ದಿನ ಬ್ಯಾಕಪ್ ಅವರ ಕೈಗೆ ಒಪ್ಪಿಸಿ, ನಿಮ್ಮ ಎದುರಿಗೇ ಪಾಸ್‌ವರ್ಡ್ ಬದಲಾಯಿಸಿಕೊಳ್ಳಲು ಹೇಳಿ ಬನ್ನಿ.